ರಕ್ತದ ಬರ ಮತ್ತು ಮೂತ್ರಪಿಂಡಗಳು



ಮೂತ್ರಪಿಂಡದ ಬೇನೆ ಎಂದೊಡನೆ ಪಟ್ಟಣವಾಸಿಗಳಾದ ನಮಗೆ ಹೊಳೆಯುವುದು ಮಧುಮೇಹ ಮತ್ತು ರಕ್ತದೊತ್ತಡಗಳ ಹೆಸರು. ಅವು ವರ್ಷಗಟ್ಟಲೆ ಸದ್ದಿಲ್ಲದೆ ನಡೆದು ಬರುವ ಬೇನೆಗಳು. ಈ ಹೊತ್ತು ನಾನು ವಿಚಾರಮಾಡಬೇಕೆಂದಿರುವುದು ಅವುಗಳನ್ನಲ್ಲ. ನಿನ್ನೆಯವರೆಗೆ ಗಟ್ಟಿಮುಟ್ಟಾಗಿ ಓಡಾಡುತ್ತಿದ್ದ ಮನುಷ್ಯನ ಮೂತ್ರಪಿಂಡಗಳು ಒಂದೆರಡು ದಿನಗಳಲ್ಲಿಯೇ ಕೆಲಸವನ್ನು ನಿಲ್ಲಿಸಿಬಿಡುವುದುಂಟು. ಇದಕ್ಕೆ ಮುಖ್ಯವಾದೊಂದು ಕಾರಣ, ಅವುಗಳಿಗೆ ಹರಿಯಬೇಕಾದ ರಕ್ತ ಹರಿಯದೆ ಹೋಗುವುದು. ಹೀಗೆ ರಕ್ತದ ಬರ ಬಂದಾಗ ಮೂತ್ರಪಿಂಡದೊಳಗಿನ ಜೀವಕಣಗಳಿಗೆ ಏನಾಗುತ್ತದೆ, ಕೆಟ್ಟದ್ದು ಮರಳಿ ಸರಿಯಾಗಬಲ್ಲುದೆ, ಸರಿಯಾಗಬೇಕಾದರೆ ನಾವು ಮಾಡತಕ್ಕದ್ದೇನು ಎಂಬ ಮೂರು ಪ್ರಶ್ನೆಗಳನ್ನು ಇಲ್ಲಿ ತೆಗೆದುಕೊಳ್ಳುತ್ತೇನೆ.

ವಿಷಯ ವೈದ್ಯಶಾಸ್ತ್ರದ್ದಾದರೂ ಅದಕ್ಕೊಂದು ನೆಲೆ ಬೇಕಷ್ಟೆ. ಶಿವಮೊಗ್ಗದಿಂದ ಸಾಗರಕ್ಕೆ ಹೋಗುವ ರಸ್ತೆಯಲ್ಲಿ ಆನಂದಪುರವೆಂಬ ಊರಿದೆ. ಕೆಳದಿಯ ಅರಸರ ಕಾಲದ ಚಂಪಕ ಸರಸಿಯನ್ನು ನೋಡಲು ಹೋದವರಿಗೆ ಅದರ ಪರಿಚಯವಿದ್ದೀತು. ಅಲ್ಲಿಂದ ವಾಯವ್ಯಕ್ಕೆ ಸಾಗರ, ನೈಋತ್ಯಕ್ಕೆ ಹೊಸನಗರ, ಮತ್ತೂ ದಕ್ಷಿಣಕ್ಕೆ ಹೋದರೆ ತೀರ್ಥಹಳ್ಳಿ. ಅಡಿಕೆಯ ತೋಟ, ಬತ್ತದ ಗದ್ದೆ, ಅವುಗಳ ಬೆನ್ನಿಗೆ ಕಾಡು. ಒಂದೊಂದು ಕಡೆ ಒಂದೊಂದು ಮನೆ. ಈ ಸೀಮೆಯಲ್ಲಿ ಮಂಡಲದ ಹಾವು ಕಚ್ಚುತ್ತದೆ, ಮಳೆಗಾಲದಲ್ಲಿ ಇಲಿಜ್ವರ ಬರುತ್ತದೆ, ವಾಂತಿಭೇದಿ ಬರುತ್ತದೆ, ಹೆರಿಗೆಯ ಹೊತ್ತಿನ ರಕ್ತಸ್ರಾವವಂತೂ ಎಲ್ಲ ಊರುಗಳಿಗೂ ಸಾಮಾನ್ಯ. ಇವು ಒಂದಕ್ಕೊಂದು ಸಂಬಂಧವಿಲ್ಲದ ವಿಪತ್ತುಗಳೆಂದು ಮೇಲುನೋಟಕ್ಕೆ ತೋರಬಹುದು. ಆದರೆ ಇವೆಲ್ಲವೂ ಕೈಮೀರಿದಾಗ ಬಂದು ಸೇರುವ ಸ್ಥಳ ಒಂದೇ: ರೋಗಿಯ ಮೂತ್ರ ಕಡಿಮೆಯಾಗುತ್ತದೆ, ಕೊನೆಗೆ ನಿಂತೇಹೋಗುತ್ತದೆ. ಅದು ಏಕೆಂಬುದನ್ನು ತಿಳಿಯಲು ಮೂತ್ರಪಿಂಡದ ರಚನೆಯನ್ನು ಸ್ವಲ್ಪ ನೋಡಬೇಕು.

ನಮ್ಮ ಸೊಂಟದ ಮೇಲ್ಗಡೆ, ಬೆನ್ನೆಲುಬಿನ ಎರಡು ಪಕ್ಕಗಳಲ್ಲಿ, ಅವರೆಕಾಳಿನ ಆಕಾರದ ಎರಡು ಪಿಂಡಗಳಿವೆ. ಒಂದೊಂದರ ತೂಕ ಸುಮಾರು ೧೫೦ ಗ್ರಾಂ. ಎರಡೂ ಸೇರಿದರೂ ದೇಹದ ತೂಕದಲ್ಲಿ ಇನ್ನೂರರಲ್ಲೊಂದು ಭಾಗವಾದೀತು. ಆದರೆ ಗುಂಡಿಗೆಯು ಹೊರದೂಡುವ ರಕ್ತದಲ್ಲಿ ಐದನೆಯ ಒಂದು ಭಾಗಕ್ಕೂ ಮಿಗಿಲಾದುದು, ಎಂದರೆ ನಿಮಿಷಕ್ಕೆ ಒಂದು ಲೀಟರಿಗೆ ಕಡಿಮೆಯಿಲ್ಲದಷ್ಟು, ಈ ಪುಟ್ಟ ಪಿಂಡಗಳಿಗೆ ಹರಿಯುತ್ತದೆ. ಇಷ್ಟು ದೊಡ್ಡ ಪಾಲು ಇವುಗಳ ಹೊಟ್ಟೆಯನ್ನು ಹೊರೆಯುವುದಕ್ಕಲ್ಲ, ಸೋಸುವುದಕ್ಕಾಗಿ. ರಕ್ತದ ನೀರಿನಂಶದಿಂದ ದಿನವೊಂದಕ್ಕೆ ಸುಮಾರು ೧೮೦ ಲೀಟರು ದ್ರವ ಇಲ್ಲಿ ಸೋಸಿ ಇಳಿಯುತ್ತದೆ. ನಮ್ಮ ಮೈಯ ರಕ್ತದಲ್ಲಿರುವ ನೀರಿನಂಶವೇ ಸುಮಾರು ೩ ಲೀಟರು. ಅಲ್ಲಿಗೆ ಅದೇ ನೀರು ದಿನಕ್ಕೆ ಅರವತ್ತು ಸಾರಿ ಈ ಜರಡಿಗೆ ಬೀಳುತ್ತದೆಂದಾಯಿತು. ಇಳಿದ ೧೮೦ ಲೀಟರಿನಲ್ಲಿ ಒಂದೂವರೆ ಲೀಟರು ಮಾತ್ರ ಮೂತ್ರವಾಗಿ ಹೊರಟು, ಉಳಿದದ್ದೆಲ್ಲವೂ ರಕ್ತಕ್ಕೆ ಹಿಂದಿರುಗುತ್ತದೆ. ಸೋಸುವುದು ಒಂದು ಕೆಲಸ. ಸೋಸಿದ್ದರಲ್ಲಿ ಬೇಕಾದುದನ್ನು ಹಿಂದಕ್ಕೆ ಎತ್ತಿಕೊಳ್ಳುವುದು ಇನ್ನೊಂದು ಕೆಲಸ. ಮೊದಲನೆಯದು ರಕ್ತದ ಒತ್ತಡದಿಂದಲೇ ನಡೆದುಹೋಗುತ್ತದೆ. ಎರಡನೆಯದಕ್ಕೆ ಜೀವಕಣಗಳು ದುಡಿಯಬೇಕು. ಈ ದುಡಿಮೆಯಲ್ಲಿಯೇ ನಮ್ಮ ಕಥೆಯ ಗುಟ್ಟು ಅಡಗಿದೆ.

ಸೋಸುವ ಗೊಂಚಲುಗಳನ್ನು ೧೭ನೆಯ ಶತಮಾನದಲ್ಲಿ ಇಟಲಿಯ ಮಾಲ್ಪಿಘಿ ಎಂಬ ಪಂಡಿತನು ಸೂಕ್ಷ್ಮದರ್ಶಕದಲ್ಲಿ ಕಂಡನು. ಆ ಗೊಂಚಲಿಗೂ ಅದರ ಮುಂದಿನ ನಾಳಿಕೆಗೂ ಇರುವ ಸಂಬಂಧವನ್ನು ೧೮೪೨ರಲ್ಲಿ ಲಂಡನ್ನಿನ ಬೌಮನ್ ವಿವರಿಸಿದನು. ಒಂದೊಂದು ಮೂತ್ರಪಿಂಡದಲ್ಲಿ ಇಂಥ ಗೊಂಚಲು ಮತ್ತು ನಾಳಿಕೆಯ ಜೋಡಿಗಳು ಸುಮಾರು ಹತ್ತು ಲಕ್ಷವಿವೆ. ಕಿರುಧಮನಿಯೊಂದು ಬಂದು ಕೂದಲಿಗಿಂತಲೂ ಸಣ್ಣ ನಾಳಗಳ ಗೊಂಚಲಾಗಿ ಒಡೆಯುತ್ತದೆ. ಅಲ್ಲಿ ದ್ರವ ಸೋಸಿಳಿದು ನಾಳಿಕೆಯನ್ನು ಸೇರುತ್ತದೆ. ಉಳಿದ ರಕ್ತ ಮತ್ತೊಂದು ಕಿರುಧಮನಿಯಾಗಿ ಹೊರಗೆ ಬರುತ್ತದೆ. ಒಳಬರುವ ದಾರಿಗೊಂದು ತೂಬು, ಹೊರಹೋಗುವ ದಾರಿಗೊಂದು ತೂಬು. ಇವೆರಡನ್ನೂ ಹಿಗ್ಗಿಸಿ ಕುಗ್ಗಿಸಿ ಮೂತ್ರಪಿಂಡವು ಗೊಂಚಲಿನೊಳಗಿನ ಒತ್ತಡವನ್ನು ಹದದಲ್ಲಿಡುತ್ತದೆ.

ಇಲ್ಲಿ ಒಂದು ವಿಶೇಷವನ್ನು ಗಮನಿಸಬೇಕು. ಹೊರಬಂದ ಅದೇ ರಕ್ತವೇ ಮುಂದೆ ನಾಳಿಕೆಗಳ ಸುತ್ತ ಹಬ್ಬಿ ಅವುಗಳಿಗೆ ಆಹಾರವನ್ನೂ ಆಮ್ಲಜನಕವನ್ನೂ ಕೊಡುತ್ತದೆ. ನಾಳಿಕೆಗಳಿಗೆ ಬೇರೆಯಾದ ಕಾಲುವೆಯಿಲ್ಲ. ಅದರಲ್ಲಿಯೂ ಮೂತ್ರಪಿಂಡದ ಹೊರಭಾಗವಾದ ತೊಗಟೆಗೆ ರಕ್ತದ ಬಹುಪಾಲು ಸಂದು, ಒಳಗಿನ ತಿರುಳಿಗೆ ಹತ್ತನೆಯ ಒಂದು ಪಾಲಿನಷ್ಟು ಮಾತ್ರ ಇಳಿಯುತ್ತದೆ. ತೊಗಟೆಯಲ್ಲಿ ಆಮ್ಲಜನಕದ ಒತ್ತಡ ಸುಮಾರು ೫೦ ಮಿಲಿಮೀಟರು ಪಾದರಸದಷ್ಟಿದ್ದರೆ, ತಿರುಳಿನಲ್ಲಿ ೧೦ರಿಂದ ೨೦ ಮಾತ್ರ; ಅದೂ ಆರೋಗ್ಯವಂತನಲ್ಲಿ! ಪ್ರಕೃತಿಗೆ ಏಕೆ ಇಷ್ಟು ಜಿಪುಣತನವೆಂದರೆ, ಮೂತ್ರವನ್ನು ಗಟ್ಟಿಮಾಡಿ ನೀರನ್ನು ಉಳಿಸಿಕೊಳ್ಳಬೇಕಾದರೆ ತಿರುಳಿನಲ್ಲಿ ಉಪ್ಪು ದಟ್ಟವಾಗಿ ನಿಂತಿರಬೇಕು. ಅಲ್ಲಿ ರಕ್ತ ಜೋರಾಗಿ ಹರಿದರೆ ಉಪ್ಪನ್ನು ತೊಳೆದುಕೊಂಡು ಹೋಗುತ್ತದೆ. ಆದ್ದರಿಂದ ರಕ್ತ ಅಲ್ಲಿ ಸಣ್ಣಗೆ, ನಿಧಾನವಾಗಿ ಹರಿಯುತ್ತದೆ.

ಕೆರೆಯ ಅಚ್ಚುಕಟ್ಟನ್ನು ಬಲ್ಲವರಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ತೂಬಿನ ಬಳಿಯ ಗದ್ದೆಯವನಿಗೆ ಬರದ ವರ್ಷದಲ್ಲಿಯೂ ನಾಲ್ಕು ದಿನ ನೀರು ಸಿಕ್ಕೀತು. ಕಾಲುವೆಯ ಕೊನೆಯಲ್ಲಿರುವ ಗದ್ದೆಗೆ ಒಳ್ಳೆಯ ವರ್ಷದಲ್ಲಿಯೂ ನೀರು ಅಷ್ಟಕ್ಕಷ್ಟೆ. ಕೆರೆ ಒಂದು ಮೊಳ ತಗ್ಗಿದರೆ ಮೊದಲು ಒಣಗುವುದು ಅದೇ. ಮೂತ್ರಪಿಂಡದ ತೊಗಟೆಯೂ ತಿರುಳೂ ಕೂಡುವ ಅಂಚಿನಲ್ಲಿರುವ ನಾಳಿಕೆಯ ಭಾಗಗಳು ಇಂಥ ಕೊನೆಯ ಗದ್ದೆಗಳು. ಆದರೆ ಅಲ್ಲಿಯ ಜೀವಕಣಗಳು ಉಪ್ಪನ್ನು ಎತ್ತುವ ಭಾರವಾದ ಕೆಲಸದಲ್ಲಿ ಎಡೆಬಿಡದೆ ತೊಡಗಿರುವಂಥವು. ದುಡಿಮೆ ಹೆಚ್ಚು, ಕೂಳು ಕಡಿಮೆ. ರಕ್ತಕ್ಕೆ ಬರ ಬಂದಾಗ ಮೊದಲು ಕುಸಿಯುವವು ಇವೇ.

ಈಗ ಆ ಜೀವಕಣವೊಂದನ್ನು ಹತ್ತಿರದಿಂದ ನೋಡೋಣ. ಅದನ್ನು ಒಂದು ಮನೆಯೆಂದು ಭಾವಿಸಿರಿ. ತಲೆಬಾಗಿಲು ನಾಳಿಕೆಯ ಒಳಗಡೆಗೆ, ದ್ರವ ಹರಿಯುವ ಕಡೆಗೆ. ಹಿತ್ತಿಲ ಬಾಗಿಲು ರಕ್ತನಾಳದ ಕಡೆಗೆ. ನಾಳಿಕೆಯ ಮೊದಲ ಭಾಗದ ಜೀವಕಣಗಳಲ್ಲಿ ತಲೆಬಾಗಿಲ ಕಡೆ ಬ್ರಷ್ಷಿನ ಎಳೆಗಳಂತೆ ಅಸಂಖ್ಯಾತವಾದ ಸೂಕ್ಷ್ಮ ಚಾಚುಗಳಿವೆ. ಇವುಗಳ ಮೂಲಕ ಉಪ್ಪು, ಸಕ್ಕರೆ, ನೀರುಗಳು ಒಳಗೆ ಬರುತ್ತವೆ. ಹಿತ್ತಿಲ ಬಾಗಿಲಿನಲ್ಲಿ ಸೋಡಿಯಂ ಪಂಪು ಕುಳಿತಿದೆ. ಒಳಬಂದ ಸೋಡಿಯಮ್ಮನ್ನು ರಕ್ತದ ಕಡೆಗೆ ನೂಕುವುದು ಅದರ ಕೆಲಸ. ಪಕ್ಕದ ಮನೆಗೂ ಈ ಮನೆಗೂ ನಡುವೆ ಸಂದಿಲ್ಲದಂತೆ ಬಿಗಿಯಾದ ಬೆಸುಗೆಯಿದೆ. ಪಂಪನ್ನು ನಡೆಸುವ ಇಂಧನವೇ ಎ.ಟಿ.ಪಿ. ಎಂಬ ವಸ್ತು. ಇದನ್ನು ೧೯೨೯ರಲ್ಲಿ ಜರ್ಮನಿಯಲ್ಲಿ ಲೋಮನ್ ಎಂಬಾತನೂ, ಅಮೆರಿಕದ ಹಾರ್ವರ್ಡ್‌ನಲ್ಲಿ ಫಿಸ್ಕೆ ಮತ್ತು ನಮ್ಮವರೇ ಆದ, ಭೀಮವರದಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಅವರೂ ಬೇರೆಬೇರೆಯಾಗಿ ಕಂಡುಹಿಡಿದರು. ಆಮ್ಲಜನಕವಿದ್ದರೆ ಈ ಇಂಧನ ಧಾರಾಳವಾಗಿ ತಯಾರಾಗುತ್ತದೆ. ಆಮ್ಲಜನಕ ನಿಂತರೆ, ಈ ಜೀವಕಣದ ದಾಸ್ತಾನು ಕೆಲವೇ ನಿಮಿಷಗಳದು.

ದೇಹದಲ್ಲಿ ರಕ್ತವೋ ನೀರೋ ಕಡಿಮೆಯಾಗಿ ಒತ್ತಡ ಇಳಿಯಿತೆನ್ನೋಣ. ಮೂತ್ರಪಿಂಡವು ಒಡನೆಯೇ ಕೆಡುವುದಿಲ್ಲ. ಮೊದಲು ಅದು ವಿವೇಕದಿಂದ ತನ್ನನ್ನು ಕಾಪಾಡಿಕೊಳ್ಳುತ್ತದೆ. ಒಳಬರುವ ತೂಬನ್ನು ಪ್ರೋಸ್ಟಗ್ಲಾಂಡಿನ್ ಎಂಬ ದ್ರವ್ಯಗಳ ಸಹಾಯದಿಂದ ಹಿಗ್ಗಿಸುತ್ತದೆ. ಹೊರಹೋಗುವ ತೂಬನ್ನು ಆಂಜಿಯೊಟೆನ್ಸಿನ್ ಎಂಬುದರಿಂದ ಬಿಗಿಯುತ್ತದೆ. ಹೀಗೆ ಹೊರಗೆ ಒತ್ತಡ ತಗ್ಗಿದರೂ ಗೊಂಚಲಿನೊಳಗೆ ಸೋಸುವುದಕ್ಕೆ ಬೇಕಾದಷ್ಟು ಒತ್ತಡ ಉಳಿಯುತ್ತದೆ. ಉಪ್ಪನ್ನೂ ನೀರನ್ನೂ ಬಿಗಿಹಿಡಿಯುವುದರಿಂದ ಮೂತ್ರ ಕಡಿಮೆಯಾಗಿ, ಬಣ್ಣ ಗಾಢವಾಗುತ್ತದೆ. ಈ ಘಟ್ಟದಲ್ಲಿ ಜೀವಕಣಗಳಿಗೆ ಇನ್ನೂ ಏಟು ಬಿದ್ದಿಲ್ಲ. ಕಳೆದುಹೋದ ನೀರನ್ನೂ ಲವಣವನ್ನೂ ಕೊಟ್ಟರೆ ಕೆಲವು ಗಂಟೆಗಳಲ್ಲಿ ಎಲ್ಲವೂ ಮೊದಲಿನಂತಾಗುತ್ತದೆ. ಗಾಢವಾದ, ಸ್ವಲ್ಪವಾದ ಮೂತ್ರವೆಂಬುದು ಮೂತ್ರಪಿಂಡವು ನಮಗೆ ಬರೆದ ಮೊದಲ ಕಾಗದ. ಅದನ್ನು ಓದಿಕೊಳ್ಳುವ ಕಾಲ ಇದೇ.

ಇದೇ ಘಟ್ಟದಲ್ಲಿ ನಮ್ಮವರು ತಿಳಿಯದೆ ಮಾಡುವ ಒಂದು ಕೆಲಸವನ್ನು ಹೇಳಬೇಕು. ಜ್ವರ, ಮೈಕೈನೋವು ಎಂದು ಅಂಗಡಿಯಿಂದ ನೋವಿನ ಮಾತ್ರೆಗಳನ್ನು ತಂದು ನುಂಗುವುದು ಹಳ್ಳಿಯಲ್ಲಿಯೂ ಪಟ್ಟಣದಲ್ಲಿಯೂ ರೂಢಿಯಾಗಿದೆ. ಡೈಕ್ಲೊಫಿನಾಕ್, ಐಬುಪ್ರೊಫೆನ್ ಮೊದಲಾದ ಮಾತ್ರೆಗಳು ನೋವನ್ನು ತಗ್ಗಿಸುವುದು ಪ್ರೋಸ್ಟಗ್ಲಾಂಡಿನ್ನುಗಳ ಉತ್ಪತ್ತಿಯನ್ನು ತಡೆದು. ಆದರೆ ಒಳಬರುವ ತೂಬನ್ನು ತೆರೆದಿಟ್ಟಿರುವುದೂ ಅವೇ ಅಲ್ಲವೆ? ಚೆನ್ನಾಗಿರುವವನು ಒಂದು ಮಾತ್ರೆ ನುಂಗಿದರೆ ಅಷ್ಟು ತೊಂದರೆಯಿಲ್ಲದಿರಬಹುದು. ವಾಂತಿಭೇದಿಯಿಂದ ಮೈ ಬತ್ತಿದವನು, ಮೂರು ದಿನ ಜ್ವರದಿಂದ ಏನೂ ಕುಡಿಯದವನು ಅದನ್ನೇ ನುಂಗಿದರೆ, ಬರದ ಕಾಲದಲ್ಲಿ ತಾನೇ ತೂಬಿಗೆ ಮಣ್ಣು ಮೆತ್ತಿದಂತಾಗುತ್ತದೆ.

ಬರ ಮುಂದುವರಿದು ಈ ಉಪಾಯಗಳೆಲ್ಲ ಸೋತವೆನ್ನೋಣ. ಆಗ ಎರಡನೆಯ ಘಟ್ಟ. ಕೊನೆಯ ಗದ್ದೆಯ ಜೀವಕಣಗಳಲ್ಲಿ ಇಂಧನ ತೀರುತ್ತದೆ. ಪಂಪು ನಿಧಾನವಾಗುತ್ತದೆ. ನೂಕುವವರಿಲ್ಲದ ಸೋಡಿಯಂ ಒಳಗೇ ನಿಲ್ಲುತ್ತದೆ, ಅದನ್ನು ಹಿಂಬಾಲಿಸಿ ನೀರು ಬರುತ್ತದೆ, ಜೀವಕಣ ಉಬ್ಬುತ್ತದೆ. ಕ್ಯಾಲ್ಸಿಯಮ್ಮೂ ಒಳನುಗ್ಗಿ, ಸುಮ್ಮನಿರಬೇಕಾದ ಜೀರ್ಣಕಾರಿ ಕಿಣ್ವಗಳನ್ನು ಕೆಣಕುತ್ತದೆ. ಜೀವಕಣದ ಆಕಾರವನ್ನು ಹಿಡಿದಿಟ್ಟಿದ್ದ ಒಳಚೌಕಟ್ಟು ಸಡಿಲವಾಗುತ್ತದೆ. ಬ್ರಷ್ಷಿನ ಎಳೆಗಳು ಉದುರಿ ನಾಳಿಕೆಯೊಳಕ್ಕೆ ಬೀಳುತ್ತವೆ. ಹಿತ್ತಿಲ ಬಾಗಿಲಿನಲ್ಲಿದ್ದ ಪಂಪುಗಳಲ್ಲಿ ಕೆಲವು ಲಂಗರು ಕಳಚಿಕೊಂಡು ತಲೆಬಾಗಿಲಿಗೆ ಬಂದು ಸೇರುತ್ತವೆ! ಆಗ ಜೀವಕಣವು ಉಪ್ಪನ್ನು ಯಾವ ಕಡೆಗೆ ನೂಕಬೇಕೆಂಬ ದಿಕ್ಕನ್ನೇ ಕಳೆದುಕೊಳ್ಳುತ್ತದೆ. ನೆರೆಮನೆಗಳ ನಡುವಿನ ಬೆಸುಗೆ ಬಿಡುತ್ತದೆ. ನೆಲವನ್ನು ಹಿಡಿದಿದ್ದ ಕೊಂಡಿಗಳು ಜಾರಿ, ಸತ್ತವು ಮಾತ್ರವಲ್ಲದೆ ಬದುಕಿರುವ ಜೀವಕಣಗಳೂ ಕಳಚಿ ನಾಳಿಕೆಯಲ್ಲಿ ತೇಲಿಹೋಗುತ್ತವೆ. ರಚನೆ ಕೆಟ್ಟಮೇಲೆ ಕೆಲಸವೂ ಕೆಟ್ಟಿತೆಂದು ಬೇರೆ ಹೇಳಬೇಕಾಗಿಲ್ಲ.

ರಕ್ತ ಮರಳಿ ಹರಿಯತೊಡಗಿದರೆ ಕಷ್ಟ ತೀರಿತೆಂದು ನೀವು ತಿಳಿಯಬಹುದು. ಹರಿಯಲೇಬೇಕು, ಅದಿಲ್ಲದೆ ಉಳಿವಿಲ್ಲ. ಆದರೆ ಮರಳಿದ ಆಮ್ಲಜನಕವು ನೊಂದ ಜೀವಕಣದಲ್ಲಿ ಉಗ್ರವಾದ ಕೆಲವು ಕಣಗಳನ್ನು ಹುಟ್ಟಿಸಿ ಪೊರೆಗಳನ್ನು ಸುಡುತ್ತದೆ. ಬಿಳಿಯ ರಕ್ತಕಣಗಳು ಬಂದು ಉರಿಯೂತವನ್ನು ಎಬ್ಬಿಸುತ್ತವೆ. ಊದಿದ ಕಿರುನಾಳಗಳಲ್ಲಿ ಹರಿವು ಮತ್ತೆ ಅಡ್ಡಿಗೊಳ್ಳುತ್ತದೆ. ಆದಕಾರಣ ಬರದ ಅವಧಿ ಎಷ್ಟು ಚಿಕ್ಕದಾದರೆ ಅಷ್ಟು ಒಳ್ಳೆಯದು. ಹೊತ್ತು ಕಳೆದಷ್ಟೂ ಬರದ ಏಟಿನ ಜೊತೆಗೆ ಮಳೆಯ ಏಟನ್ನೂ ತಿನ್ನಬೇಕಾಗುತ್ತದೆ.

ಇನ್ನು, ಕೆಟ್ಟದ್ದು ನಾಳಿಕೆಯಾಗಿರುವಾಗ ಸೋಸುವುದು ಏಕೆ ನಿಲ್ಲಬೇಕು? ಇದಕ್ಕೆ ಮೂರು ಕಾರಣಗಳು. ಕಳಚಿಬಿದ್ದ ಜೀವಕಣಗಳೂ ಕಸವೂ ನಾಳಿಕೆಯಲ್ಲಿ ಅಂಟಿಕೊಂಡು ಬಿರಡೆಯಾಗುತ್ತವೆ, ಇದು ಒಂದು. ಬೆಸುಗೆ ಬಿಟ್ಟ ಗೋಡೆಯಿಂದ ಸೋಸಿದ ದ್ರವ ಕಸದ ಸಮೇತ ರಕ್ತಕ್ಕೆ ಹಿಂದಕ್ಕೆ ಸೋರುತ್ತದೆ, ಇದು ಎರಡು. ಮೂರನೆಯದು ಸ್ವಾರಸ್ಯವಾದುದು. ನಾಳಿಕೆಯ ದಾರಿಯಲ್ಲಿ ಒಂದು ಕಡೆ ಉಪ್ಪನ್ನು ಅಳೆಯುವ ಕಾವಲುಗಾರ ಜೀವಕಣಗಳಿವೆ. ಉಪ್ಪು ಎತ್ತಲ್ಪಡದೆ ಹಾಗೆಯೇ ಬರುತ್ತಿದೆಯೆಂದು ಕಂಡರೆ, ಅವು ಒಳಬರುವ ತೂಬನ್ನು ಮುಚ್ಚಿಸುತ್ತವೆ. ೧೯೭೬ರಲ್ಲಿ ಥುರಾವ್ ಮತ್ತು ಬಾಯ್ಲನ್ ಎಂಬ ಇಬ್ಬರು ಶಾರೀರಶಾಸ್ತ್ರಜ್ಞರು ಇದನ್ನು ಮೂತ್ರಪಿಂಡದ ಸೋಲೆನ್ನುವುದಕ್ಕಿಂತ ಗೆಲುವೆನ್ನಬೇಕೆಂದು ವಾದಿಸಿದರು. ಅವರ ಲೆಕ್ಕ ಸರಳವಾದುದು. ನಿಮಿಷಕ್ಕೆ ಸುಮಾರು ೧೨೦ ಮಿಲಿಲೀಟರು ಸೋಸಿ ಇಳಿಯುತ್ತಿದ್ದು, ಹಿಂದಕ್ಕೆ ಎತ್ತುವವರೇ ಇಲ್ಲದಿದ್ದರೆ, ರಕ್ತದ ೩ ಲೀಟರು ನೀರಿನಂಶ ಅರ್ಧಗಂಟೆಯೊಳಗೆ ಮೂತ್ರವಾಗಿ ಹರಿದುಹೋಗಿ ಮನುಷ್ಯ ಸಾಯುತ್ತಾನೆ. ಹಾಗಾಗಬಾರದೆಂದು ಮೂತ್ರಪಿಂಡವೇ ಬಾಗಿಲು ಹಾಕಿಕೊಳ್ಳುತ್ತದೆ.

ಬಾಗಿಲು ಹಾಕಿದ ಮನೆಯಲ್ಲಿ ಕಸ ಕೂಡುವುದು ಸಹಜ. ಯೂರಿಯ, ಆಮ್ಲ, ಪೊಟ್ಯಾಸಿಯಂ ಇವು ರಕ್ತದಲ್ಲಿ ಏರುತ್ತವೆ. ಪೊಟ್ಯಾಸಿಯಂ ಮಿತಿಮೀರಿದರೆ ಗುಂಡಿಗೆಯ ಬಡಿತವೇ ತಪ್ಪುತ್ತದೆ. ಎರಡನೆಯ ಮಹಾಯುದ್ಧದಲ್ಲಿ ಲಂಡನ್ ನಗರದ ಮೇಲೆ ಬಾಂಬುಗಳು ಬಿದ್ದಾಗ ವೈದ್ಯರು ಇದನ್ನು ಕಣ್ಣಾರೆ ಕಂಡರು. ಕುಸಿದ ಗೋಡೆಗಳಡಿಯಲ್ಲಿ ಗಂಟೆಗಟ್ಟಲೆ ಸಿಕ್ಕಿಬಿದ್ದವರನ್ನು ಹೊರತೆಗೆದಾಗ ಚೆನ್ನಾಗಿಯೇ ಇರುವಂತೆ ತೋರುತ್ತಿದ್ದರು; ಬಳಿಕ ರಕ್ತದೊತ್ತಡ ಕುಸಿಯಿತು, ಮೂತ್ರ ಕಡಿಮೆಯಾಯಿತು. ಬೈವಾಟರ್ಸ್ ಮತ್ತು ಬೀಲ್ ಎಂಬ ವೈದ್ಯರು ೧೯೪೧ರಲ್ಲಿ ಇಂಥ ನಾಲ್ವರ ವಿವರಗಳನ್ನು ಪ್ರಕಟಿಸಿದರು. ಆ ನಾಲ್ವರೂ ಉಳಿಯಲಿಲ್ಲ. ಜಜ್ಜಿದ ಮಾಂಸದಿಂದ ಹೊರಟ ಬಣ್ಣದ ದ್ರವ್ಯವೂ ರಕ್ತದ ಬರವೂ ಸೇರಿ ನಾಳಿಕೆಗಳನ್ನು ಕೆಡಿಸಿದ್ದುವು.

ಅದೇ ಯುದ್ಧದ ನಡುವೆ, ೧೯೪೩ರಲ್ಲಿ, ಹಾಲೆಂಡಿನ ಕಾಂಪೆನ್ ಎಂಬ ಪಟ್ಟಣದಲ್ಲಿ ವಿಲೆಮ್ ಕೋಲ್ಫ್ ಎಂಬ ತರುಣ ವೈದ್ಯನು ತಿರುಗುವ ಪೀಪಾಯಿಗೆ ಸೆಲೊಫೇನ್ ಕೊಳವೆಯನ್ನು ಸುತ್ತಿ, ಅದರಲ್ಲಿ ರೋಗಿಯ ರಕ್ತವನ್ನು ಹರಿಸಿ, ಕಸವನ್ನು ಹೊರಗಿನ ಉಪ್ಪುನೀರಿಗೆ ಇಳಿಸುವ ಯಂತ್ರವನ್ನು ಹೂಡಿದನು. ಮೊದಮೊದಲ ರೋಗಿಗಳಲ್ಲಿ ಬಹುಮಂದಿ ಉಳಿಯಲಿಲ್ಲ. ೧೯೪೫ರಲ್ಲಿ ೬೭ ವರ್ಷದ ಹೆಂಗಸೊಬ್ಬಳು ಬದುಕಿ ಮನೆಗೆ ಹೋದಳು. ಇಂದು ಆಸ್ಪತ್ರೆಗಳಲ್ಲಿ ನಾವು ಕಾಣುವ ಡಯಾಲಿಸಿಸ್ ಯಂತ್ರದ ಮೂಲಪುರುಷ ಇದೇ. ಆ ಯಂತ್ರ ಮೂತ್ರಪಿಂಡವನ್ನು ಗುಣಪಡಿಸಲಿಲ್ಲ. ಮೂತ್ರಪಿಂಡವು ತಾನಾಗಿ ಗುಣವಾಗುವವರೆಗೆ ರೋಗಿಯನ್ನು ಉಳಿಸಿಕೊಂಡಿತು. ಈ ಭೇದವನ್ನು ನೆನಪಿನಲ್ಲಿಡಬೇಕು. ಡಯಾಲಿಸಿಸ್ ಎಂದೊಡನೆ ‘ಇನ್ನು ಜೀವಮಾನವೆಲ್ಲ ಇದೇ ಗತಿ’ ಎಂದು ಹೆದರಿ ಮನೆಯವರು ಒಪ್ಪದೆ ಹೋಗುವುದುಂಟು. ದೀರ್ಘಕಾಲದ ಬೇನೆಯ ಮಾತು ಬೇರೆ. ಇಂಥ ಹಠಾತ್ತಾದ ಏಟಿನಲ್ಲಿ ಅನೇಕರಿಗೆ ಕೆಲವು ದಿನ ಅಥವಾ ಕೆಲವು ವಾರ ಮಾತ್ರ ಅದು ಬೇಕಾಗುತ್ತದೆ.

ಏಕೆಂದರೆ ನಾಳಿಕೆಯ ಜೀವಕಣಗಳಿಗೆ ಮತ್ತೆ ಚಿಗುರುವ ಶಕ್ತಿಯಿದೆ. ಗುಂಡಿಗೆಯ ಸ್ನಾಯುವಿಗೂ ಮಿದುಳಿಗೂ ಇಲ್ಲದ ಭಾಗ್ಯವಿದು. ಸಾಲಿನಲ್ಲಿ ನಾಲ್ಕು ಸತ್ತು ಒಂದು ಉಳಿದಿದ್ದರೂ, ಆ ಒಂದು ತನ್ನ ವಿಶೇಷ ರೂಪವನ್ನು ಬದಿಗಿಟ್ಟು, ಚಪ್ಪಟೆಯಾಗಿ ಹರಡಿಕೊಂಡು ಬರಿದಾದ ನೆಲವನ್ನು ಮುಚ್ಚುತ್ತದೆ. ಆಮೇಲೆ ಒಡೆದು ಇಮ್ಮಡಿಯಾಗುತ್ತದೆ. ಮರಿಗಳು ಬೆಳೆದು ಮತ್ತೆ ಬ್ರಷ್ಷನ್ನೂ ಪಂಪನ್ನೂ ತಂತಮ್ಮ ಬಾಗಿಲುಗಳಲ್ಲಿ ಇಟ್ಟುಕೊಳ್ಳುತ್ತವೆ. ಇದಕ್ಕೆ ಸಾಮಾನ್ಯವಾಗಿ ಒಂದರಿಂದ ಮೂರು ವಾರ ಬೇಕು. ಆಗ ಮೂತ್ರ ಮರಳುತ್ತದೆ. ಕೆಲವರಲ್ಲಿ ಧಾರಾಳವಾಗಿ ಹರಿಯುತ್ತದೆ, ಏಕೆಂದರೆ ಹೊಸ ಜೀವಕಣಗಳಿಗೆ ಹಿಂದಕ್ಕೆ ಎತ್ತುವ ಕಲೆ ಇನ್ನೂ ಕೈಗೂಡಿರುವುದಿಲ್ಲ. ‘ಮೂತ್ರ ಬಂತು, ಗೆದ್ದೆವು’ ಎಂದು ಎಚ್ಚರ ತಪ್ಪಿದರೆ ಮತ್ತೆ ನೀರಿನ ಬರ ಬಂದೀತು.

ಆದರೆ ಈ ಶಕ್ತಿಗೂ ಮಿತಿಯಿದೆ. ಬರ ಅತಿಯಾಗಿ ತೊಗಟೆಯೇ ಗೊಂಚಲುಗಳ ಸಮೇತ ಸತ್ತುಹೋದರೆ ಹೊಸ ಗೊಂಚಲು ಹುಟ್ಟುವುದಿಲ್ಲ. ಬೆಳೆ ಒಣಗಿದರೆ ಮರುವರ್ಷ ಬಿತ್ತಬಹುದು. ಹೊಲದ ಮಣ್ಣೇ ಕೊಚ್ಚಿಹೋದರೆ ಮಾಡುವುದೇನು? ಏಟು ಮೇಲಿಂದ ಮೇಲೆ ಬಿದ್ದರೆ ಚಿಗುರು ಬರಬೇಕಾದ ಕಡೆ ನಾರು ಬೆಳೆದು ಗಾಯದ ಕಲೆಯಾಗಿ ನಿಲ್ಲುತ್ತದೆ. ಒಮ್ಮೆ ಇಂಥ ಗಂಡಾಂತರದಿಂದ ಪಾರಾದವರು ಮೂರು ತಿಂಗಳ ಮೇಲೆ ರಕ್ತವನ್ನೂ ಮೂತ್ರವನ್ನೂ ರಕ್ತದೊತ್ತಡವನ್ನೂ ಪರೀಕ್ಷೆಮಾಡಿಸಿಕೊಳ್ಳುವುದು ಇದಕ್ಕಾಗಿಯೇ ಅಗತ್ಯ.

ಈಗ ಮಲೆನಾಡಿಗೆ ಮರಳೋಣ. ಅಲ್ಲಿಯ ವಿಪತ್ತುಗಳು ಈ ಬರವನ್ನು ಬೇರೆಬೇರೆ ದಾರಿಗಳಿಂದ ತರುತ್ತವೆ. ಕೊಳಕುಮಂಡಲದ ವಿಷವು ರಕ್ತದ ಹೆಪ್ಪುಗಟ್ಟುವ ಸಾಮಗ್ರಿಯನ್ನು ಸುಟ್ಟು ಮುಗಿಸುತ್ತದೆ. ಒಂದು ಕಡೆ ರಕ್ತಸ್ರಾವ, ಕಿರುನಾಳಗಳಿಂದ ನೀರು ಸೋರಿಕೆ, ಒತ್ತಡದ ಕುಸಿತ. ಇನ್ನೊಂದು ಕಡೆ ಮೂತ್ರಪಿಂಡದ ಸಣ್ಣ ನಾಳಗಳಲ್ಲಿ ಹೆಪ್ಪಿನ ಎಳೆಗಳ ಅಡ್ಡಗಟ್ಟೆ. ಇವುಗಳ ಮೇಲೆ ವಿಷದ ನೇರವಾದ ಹೊಡೆತ. ಕಚ್ಚಿಸಿಕೊಂಡವರ ರಕ್ತವನ್ನು ಒಣಗಿದ ಶುಭ್ರವಾದ ಗಾಜಿನ ನಳಿಗೆಯಲ್ಲಿ ೨೦ ನಿಮಿಷ ಅಲುಗಿಸದೆ ಇಟ್ಟು, ಹೆಪ್ಪುಗಟ್ಟಿತೇ ಎಂದು ನೋಡುವ ಪರೀಕ್ಷೆ ಸಣ್ಣ ಆಸ್ಪತ್ರೆಯಲ್ಲಿಯೂ ಆಗತಕ್ಕದ್ದು. ಪಶ್ಚಿಮಘಟ್ಟದ ತೋಟ ಮತ್ತು ಕಾಡುಗಳ ತರಗಿನಲ್ಲಿ ಮೂಗಿನ ತುದಿ ಮೇಲಕ್ಕೆ ಬಾಗಿದ ಸಣ್ಣ ಕುಳಿಮಂಡಲವೊಂದಿದೆ. ಗಾತ್ರದಲ್ಲಿ ಸಣ್ಣದೆಂದು ಜನ ಅದನ್ನು ಲೆಕ್ಕಿಸುವುದಿಲ್ಲ. ಅದರ ಕಡಿತವೂ ಮೂತ್ರಪಿಂಡಗಳನ್ನು ಕೆಡಿಸಬಲ್ಲುದು. ನಮ್ಮ ದೇಶದಲ್ಲಿ ಬಳಕೆಯಲ್ಲಿರುವ ವಿಷಹಾರಿ ಮದ್ದು ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕರ ವಿಷಕ್ಕಾಗಿ ತಯಾರಾದದ್ದು. ಈ ಕುಳಿಮಂಡಲದ ವಿಷಕ್ಕೆ ಅದು ಒದಗುವುದಿಲ್ಲ. ಆದ್ದರಿಂದ ಇಂಥ ರೋಗಿಯಲ್ಲಿ ಮೂತ್ರದ ಮೇಲೆ ಕಣ್ಣಿಡುವುದೂ ವೇಳೆಗೆ ಸರಿಯಾಗಿ ಡಯಾಲಿಸಿಸ್ಸಿಗೆ ಒಯ್ಯುವುದೂ ಚಿಕಿತ್ಸೆಯ ಮುಖ್ಯಭಾಗ.

ಇಲಿಜ್ವರದ ಕ್ರಿಮಿ ಇಲಿಯ ಮೂತ್ರದೊಡನೆ ಗದ್ದೆಯ ನೀರಿಗೆ ಸೇರಿ, ಕಾಲಿನ ಬಿರುಕುಗಳಿಂದ ಮೈಯನ್ನು ಹೊಗುತ್ತದೆ. ಅದಕ್ಕೆ ನಾಳಿಕೆಯ ಜೀವಕಣವೇ ಪ್ರಿಯವಾದ ಬಿಡಾರ. ಕ್ರಿಮಿಯ ಕಾಟದ ಜೊತೆಗೆ ಜ್ವರ, ವಾಂತಿಗಳಿಂದ ನೀರು ಬತ್ತಿ ಎರಡು ಏಟು ಒಟ್ಟಿಗೆ ಬೀಳುತ್ತವೆ. ಇದರಲ್ಲಿ ಮೂತ್ರ ಕಡಿಮೆಯಾಗದೆಯೇ ಮೂತ್ರಪಿಂಡ ಕೆಟ್ಟಿರಬಹುದು. ಆದ್ದರಿಂದ ರಕ್ತಪರೀಕ್ಷೆಯೂ ಬೇಕು. ೧೯೫೭ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗೊತ್ತಾಗಿ, ಆಮೇಲೆ ಸಾಗರದ ಕಡೆಯಲ್ಲಿಯೂ ಜನರನ್ನು ಕಾಡಿದ ಮಂಗನಕಾಯಿಲೆಯಲ್ಲಿ ರಕ್ತದೊತ್ತಡ ಇಳಿಯುವುದೂ ರಕ್ತಸ್ರಾವವಾಗುವುದೂ ಉಂಟು.

ವಾಂತಿಭೇದಿಗಂತೂ ಮದ್ದು ಮನೆಯಲ್ಲಿಯೇ ಇರಬಹುದು. ೧೯೭೧ರಲ್ಲಿ ಬಾಂಗ್ಲಾದಿಂದ ಬಂದ ನಿರಾಶ್ರಿತರಲ್ಲಿ ಕಾಲರಾ ಹಬ್ಬಿದಾಗ, ಬನಗಾಂವ್‌ನ ಶಿಬಿರದಲ್ಲಿ ವೈದ್ಯ ದಿಲೀಪ್ ಮಹಲನಬಿಸ್ ಅವರು ಉಪ್ಪು ಮತ್ತು ಗ್ಲೂಕೋಸ್ ಬೆರೆಸಿದ ನೀರನ್ನು ಪೀಪಾಯಿಗಳಲ್ಲಿ ತುಂಬಿಟ್ಟು ಮನೆಯವರ ಕೈಯಿಂದಲೇ ಕುಡಿಸಿದರು. ಶೇಕಡ ೩೦ರ ಆಸುಪಾಸಿನಲ್ಲಿದ್ದ ಸಾವು ಶೇಕಡ ೪ಕ್ಕಿಂತ ಕೆಳಗೆ ಇಳಿಯಿತು. ಇಂದು ಔಷಧದಂಗಡಿಯಲ್ಲಿ ಸಿಕ್ಕುವ ಓ.ಆರ್.ಎಸ್. ಪೊಟ್ಟಣ ಅದರದೇ ಸಂತತಿ.

ಹೀಗೆ ಎಲ್ಲ ದಾರಿಗಳಲ್ಲಿಯೂ ಮುಖ್ಯವಾದದ್ದು ಹೊತ್ತು. ಅಲ್ಲಿಯ ಹೊತ್ತೆಂದರೆ ದಾರಿಯೇ. ೧೯೬೪ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಮುಗಿದಮೇಲೆ ಶರಾವತಿಯ ಹಿನ್ನೀರು ಸಾಗರ ತಾಲ್ಲೂಕಿನ ತುಮರಿಯ ಕಡೆಯ ಊರುಗಳನ್ನು ಆಚೆಗೆ ದೂಡಿತು. ಹಲವು ದಶಕಗಳ ಕಾಲ ಅಲ್ಲಿಯ ರೋಗಿ ಸಾಗರವನ್ನು ಮುಟ್ಟಬೇಕಾದರೆ ಲಾಂಚಿಗಾಗಿ ಕಾಯಬೇಕಿತ್ತು, ಇಲ್ಲವೆ ಬಹಳ ದೂರ ಬಳಸಬೇಕಿತ್ತು. ೨೦೨೫ರ ಜುಲೈ ತಿಂಗಳಲ್ಲಿ ಅಂಬಾರಗೋಡ್ಲು ಮತ್ತು ಕಳಸವಳ್ಳಿಗಳ ನಡುವೆ ಎರಡು ಕಿಲೋಮೀಟರಿಗೂ ಮಿಗಿಲಾದ ಸೇತುವೆ ತೆರೆಯಿತು. ಪತ್ರಿಕೆಗಳು ಅದನ್ನು ಸಿಗಂದೂರಿನ ಯಾತ್ರಿಕರ ಸೌಕರ್ಯವೆಂದು ಬರೆದುವು. ಮೂತ್ರಪಿಂಡದ ದೃಷ್ಟಿಯಿಂದ ನೋಡಿದರೆ, ಮೊದಲ ಘಟ್ಟದಲ್ಲಿರುವ ರೋಗಿಯು ಎರಡನೆಯದಕ್ಕೆ ಜಾರುವ ಮುನ್ನ ಆಸ್ಪತ್ರೆಯನ್ನು ಸೇರಲು ಅದು ದಾರಿಯಾಯಿತು. ೨೦೦೮ರಲ್ಲಿ ಬಂದ ೧೦೮ರ ಗಾಡಿಯೂ, ಸಾಗರದ ಆಸ್ಪತ್ರೆಯೂ, ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯೂ ಇರುವುದು ಸರಿ. ಆದರೆ ಗಾಡಿಯನ್ನು ಕರೆಯಬೇಕೆಂಬುದು ಮನೆಯವರಿಗೆ ಹೊಳೆಯಬೇಕಷ್ಟೆ.

ಅಲ್ಲಿಯೇ ನಿಮ್ಮ ಪಾತ್ರವಿದೆ. ಈ ಭಾಷಣವನ್ನು ಕೇಳುತ್ತಿರುವವರಲ್ಲಿ ಅನೇಕರಿಗೆ ಹಳ್ಳಿಯಲ್ಲಿ ತಂದೆತಾಯಿಗಳೋ ದೊಡ್ಡಪ್ಪ ಚಿಕ್ಕಮ್ಮಂದಿರೋ ಇರುತ್ತಾರೆ. ಜ್ವರವೆಂದೋ ಭೇದಿಯೆಂದೋ ಹಾವು ಮುಟ್ಟಿತೆಂದೋ ಅಲ್ಲಿಂದ ಫೋನು ಬಂದಾಗ ನಾವು ‘ಊಟ ಮಾಡಿದಿರಾ, ಮಾತ್ರೆ ತೆಗೆದುಕೊಂಡಿರಾ’ ಎಂದು ಕೇಳುತ್ತೇವೆ. ‘ಕೊನೆಯ ಸಾರಿ ಮೂತ್ರಕ್ಕೆ ಹೋದದ್ದು ಯಾವಾಗ, ಎಷ್ಟಾಯಿತು, ಬಣ್ಣ ಹೇಗಿತ್ತು’ ಎಂದು ಕೇಳುವವರು ವಿರಳ. ದೊಡ್ಡವರೊಡನೆ ಅಂಥ ಮಾತಾಡುವುದು ನಮಗೂ ಸಂಕೋಚ, ಹೇಳುವುದು ಅವರಿಗೂ ನಾಚಿಕೆ. ಹೆಂಗಸರಂತೂ ಹೊರಗೆ ಹೋಗಬೇಕಾದ ದಿನ ಮೂತ್ರಕ್ಕೆ ಎಡೆಯಿರುವುದಿಲ್ಲವೆಂದು ನೀರು ಕುಡಿಯುವುದನ್ನೇ ಬಿಡುತ್ತಾರೆ. ಈ ನಾಚಿಕೆಗೆ ಬೆಲೆ ತೆರುವುದು ಮೂತ್ರಪಿಂಡ. ಬೆಳೆದವರಲ್ಲಿ ದಿನದ ಮೂತ್ರ ೪೦೦ ಮಿಲಿಲೀಟರಿಗಿಂತ ಕಡಿಮೆಯಾದರೆ ಅಪಾಯವೆಂದು ವೈದ್ಯರು ಎಣಿಸುತ್ತಾರೆ. ಬೇನೆಬಿದ್ದವರು ಏಳೆಂಟು ಗಂಟೆ ಮೂತ್ರವಿಲ್ಲದೆ ಕಳೆದರೆ ‘ನ��ಳೆ ನೋಡೋಣ’ ಎನ್ನುವಂತಿಲ್ಲ. ರಕ್ತದಲ್ಲಿ ಕ್ರಿಯಾಟಿನಿನ್ ಏರಿ ಪರೀಕ್ಷೆಯ ಕಾಗದದಲ್ಲಿ ಕಾಣುವುದಕ್ಕೆ ಒಂದೆರಡು ದಿನ ಹಿಡಿಯುತ್ತದೆ. ಮೂತ್ರ ಅದಕ್ಕಿಂತ ಮೊದಲೇ ಸುದ್ದಿ ಹೇಳುತ್ತದೆ.

ಉಳಿದ ಎಚ್ಚರಿಕೆಗಳು ನಾಲ್ಕು ಮಾತಿನವು. ವಾಂತಿಭೇದಿಯಲ್ಲಿ ಮೊದಲ ಗಂಟೆಯಿಂದಲೇ ಓ.ಆರ್.ಎಸ್. ಕುಡಿಸಬೇಕು. ಮೈ ಬತ್ತಿದಾಗ ನೋವಿನ ಮಾತ್ರೆಗಳನ್ನು ಕೊಡಬಾರದು. ರಕ್ತದೊತ್ತಡದ ಮಾತ್ರೆಗಳನ್ನು ನುಂಗುತ್ತಿರುವವರು ಅವುಗಳನ್ನು ಮುಂದುವರಿಸಬೇಕೆ ಎಂದು ವೈದ್ಯರನ್ನು ಕೇಳಬೇಕು. ಹಾವು ಕಚ್ಚಿದರೆ ಕೊಯ್ಯುವುದು, ಹೀರುವುದು, ಬಿಗಿಯಾಗಿ ಕಟ್ಟುವುದು ಯಾವುದೂ ಬೇಡ. ಅಂಗವನ್ನು ಅಲುಗಿಸದೆ ನೇರವಾಗಿ ಆಸ್ಪತ್ರೆಗೆ ಒಯ್ಯಬೇಕು. ಮೂತ್ರ ನಿಂತೇಹೋದಮೇಲೆ, ಬರುತ್ತದೆಂಬ ಆಸೆಯಿಂದ ಬಿಂದಿಗೆಗಟ್ಟಲೆ ನೀರು ಕುಡಿಸಬಾರದು. ಬಾಗಿಲು ಹಾಕಿದ ಮನೆಗೆ ನೀರು ತುಂಬಿದರೆ ಅದು ಶ್ವಾಸಕೋಶಕ್ಕೆ ಏರುತ್ತದೆ. ಆಗ ಎಷ್ಟು ಕೊಡಬೇಕೆಂದು ನಿರ್ಣಯಿಸತಕ್ಕವರು ವೈದ್ಯರು.

ಮೂತ್ರಪಿಂಡದ ಜೀವಕಣಗಳು ನಮ್ಮಿಂದ ಹೆಚ್ಚೇನನ್ನೂ ಬೇಡುವುದಿಲ್ಲ. ಆರೋಗ್ಯದಲ್ಲಿಯೂ ಅರೆಹೊಟ್ಟೆಯಲ್ಲಿ ದುಡಿಯುತ್ತಾ, ಬರ ಬಂದಾಗ ಮುನ್ಸೂಚನೆ ಕೊಟ್ಟು, ಬಿದ್ದಮೇಲೂ ಎದ್ದು ನಿಲ್ಲಲು ಅವು ಸಿದ್ಧವಾಗಿವೆ. ಸೂಚನೆಯನ್ನು ಹೊತ್ತಿಗೆ ಸರಿಯಾಗಿ ಓದಿ, ಹರಿಯಬೇಕಾದ ರಕ್ತವನ್ನು ಹರಿಯಗೊಡುವುದಷ್ಟೆ ನಮ್ಮ ಪಾಲಿನ ಕೆಲಸ.